ಹಳೇ ಕಾರಿನ ಪ್ಲಗ್, ಕ್ಯಾಪ್, ಕಾಯಿಲ್: ಕಂಪನಿ ಮಾಲೇ ಬೇಕಾ, ಹೊರಗಿನದು ಸಾಕಾ?

ಮಳೆಗಾಲ ಶುರುವಾದರೆ ಗ್ಯಾರೇಜುಗಳ ಮುಂದೆ ಒಂದೇ ದೂರು. ‘ರಾತ್ರಿ ಚೆನ್ನಾಗೇ ಇತ್ತು, ಬೆಳಗ್ಗೆ ಸೆಲ್ಫ್ ಹೊಡೆದ್ರೆ ಸ್ಟಾರ್ಟೇ ಆಗ್ತಿಲ್ಲ.’ ಇಲ್ಲವೇ ‘ಚಡಾವಿನಲ್ಲಿ ಮಿಸ್ ಹೊಡೀತಿದೆ, ಪಿಕಪ್ ಇಲ್ಲ.’ ಹೀಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಹಳೇ ಮಾರುತಿ 800, ಓಮ್ನಿ. ಅಲ್ಲೊಂದು ಇಲ್ಲೊಂದು ಅಂಬಾಸಿಡರ್, ಪದ್ಮಿನಿ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಆದರೆ ತಾಲೂಕಿನ ರಸ್ತೆಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಹಾಲಿನ ಕ್ಯಾನು, ತರಕಾರಿ ಮೂಟೆ, ಅಡಿಕೆ ಚೀಲ, ಶಾಲೆ ಮಕ್ಕಳು ಎಲ್ಲವೂ ಇವುಗಳಲ್ಲೇ ಸಾಗುತ್ತವೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ‘ಪ್ಲಗ್ ಹೋಗಿದೆ, ಕ್ಯಾಪ್, ರೋಟರೂ ಬದಲಾಯಿಸಬೇಕು’ ಅಂತಾನೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಕೌಂಟರಿನಲ್ಲಿ ಮೊದಲ ಪ್ರಶ್ನೆ: ‘ಒರಿಜಿನಲ್ ಬೇಕಾ, ಲೋಕಲ್ ಸಾಕಾ?’ ಎರಡರ ಬೆಲೆಗೂ ಅಜಗಜಾಂತರ. ಕಾರಿನ ಬೆಲೆಯೇ ನಲವತ್ತು ಐವತ್ತು ಸಾವಿರಕ್ಕೆ ಇಳಿದಿರುವಾಗ ದುಬಾರಿ ಪಾರ್ಟ್ ಹಾಕಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಂತ ಅಗ್ಗದ್ದು ಹಾಕಿಸಿ, ರಾತ್ರಿ ಹೊತ್ತು ಚಾರ್ಮಾಡಿಯಂಥ ಘಾಟಿಯಲ್ಲಿ ಗಾಡಿ ನಿಂತರೆ ಟೋಯಿಂಗ್ ಬಾಡಿಗೆಯೇ ಪಾರ್ಟಿನ ಹತ್ತು ಪಟ್ಟು ಆಗಬಹುದು.

ಅಸಲಿಗೆ ‘ಒರಿಜಿನಲ್ಲಾ, ಲೋಕಲ್ಲಾ’ ಎಂಬ ಪ್ರಶ್ನೆಯೇ ಅರ್ಧ ತಪ್ಪು. ಕೇಳಬೇಕಾದ ಪ್ರಶ್ನೆಗಳು ಎರಡು. ಈ ಪಾರ್ಟನ್ನು ತಯಾರಿಸಿದವರು ಯಾರು? ಇದು ಕೈಕೊಟ್ಟರೆ ಗಾಡಿ ಕುಂಟುತ್ತಾ ಮನೆ ಸೇರುತ್ತದೋ, ಅಲ್ಲೇ ನಿಲ್ಲುತ್ತದೋ? ಈ ಎರಡನ್ನು ಇಟ್ಟುಕೊಂಡು ನೋಡಿದರೆ ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಿಡಿ ಬರುವ ದಾರಿ

ಪೆಟ್ರೋಲ್ ಎಂಜಿನ್‌ಗೆ ಬೇಕಾದ್ದು ಸರಿಯಾದ ಹೊತ್ತಿಗೆ ಒಂದು ಬಲವಾದ ಕಿಡಿ. ಬ್ಯಾಟರಿಯಲ್ಲಿ ಇರುವುದು ಬರೀ 12 ವೋಲ್ಟ್. ಇಗ್ನಿಷನ್ ಕಾಯಿಲ್ ಅದನ್ನು ಹದಿನೈದು ಇಪ್ಪತ್ತು ಸಾವಿರ ವೋಲ್ಟ್‌ಗೆ ಏರಿಸುತ್ತದೆ. ಹಾಗೆ ಏರಬೇಕಾದರೆ ಕಾಯಿಲ್‌ಗೆ ಹೋಗುವ ಕರೆಂಟನ್ನು ಯಾರಾದರೂ ಫಕ್ಕನೆ ಕಡಿಯಬೇಕು. ಹಳೇ ಕಾರುಗಳಲ್ಲಿ ಈ ಕೆಲಸ ಮಾಡುವುದು ಕಾಂಟ್ಯಾಕ್ಟ್ ಪಾಯಿಂಟ್ ಮತ್ತು ಅದರ ಜೊತೆಗಾರ ಕಂಡೆನ್ಸರ್. ಆಮೇಲಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್.

ಕಾಯಿಲ್‌ನಿಂದ ಹೊರಟ ವಿದ್ಯುತ್ತು ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗೆ ಬರುತ್ತದೆ. ಒಳಗೆ ತಿರುಗುವ ರೋಟರ್ ಅದನ್ನು ಒಂದೊಂದು ಸಿಲಿಂಡರ್‌ಗೆ ಸರದಿಯಂತೆ ಹಂಚುತ್ತದೆ. ಅಲ್ಲಿಂದ ಪ್ಲಗ್ ವೈರ್, ಕೊನೆಗೆ ಪ್ಲಗ್. ಈ ಸರಪಳಿಯಲ್ಲಿ ಯಾವ ಕೊಂಡಿ ದುರ್ಬಲವೋ ಅಲ್ಲೇ ಕಿಡಿ ಸೋರುತ್ತದೆ. ಮಳೆಗಾಲದಲ್ಲಿ ಕ್ಯಾಪ್ ಮೇಲೆ ತೇವ ಕೂತರೆ, ಅಲ್ಲಿ ಕೂದಲೆಳೆಯ ಬಿರುಕಿದ್ದರೆ, ಕಿಡಿ ಪ್ಲಗ್ ತಲುಪುವ ಬದಲು ಹೊರಗಡೆಯೇ ಹಾರಿ ಎಂಜಿನ್ ಬಾಡಿಗೆ ಇಳಿದುಬಿಡುತ್ತದೆ. ಕತ್ತಲಲ್ಲಿ ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ನೋಡಿದರೆ ವೈರುಗಳ ಸುತ್ತ ನೀಲಿ ಕಿಡಿ ಮಿನುಗುವುದು ಕಾಣುತ್ತದೆ. ನೋಡಬೇಕಷ್ಟೇ, ಕೈ ಹಾಕಬಾರದು.

ಮಾರುತಿ 800, ಓಮ್ನಿಗಳದ್ದು ಮೂರೇ ಸಿಲಿಂಡರ್. ಒಂದು ಪ್ಲಗ್ ಉರಿಯದಿದ್ದರೆ ಎಂಜಿನ್ನಿನ ಮೂರನೇ ಒಂದು ಪಾಲು ಶಕ್ತಿ ಹೋದ ಹಾಗೆ. ನಾಲ್ಕು ಸಿಲಿಂಡರ್ ಗಾಡಿ ಹೇಗೋ ಎಳೆದುಕೊಂಡು ಹೋದೀತು. ಮೂರರ ಗಾಡಿ ಇಡೀ ಮೈ ನಡುಗಿಸಿಕೊಂಡು ಚಡಾವು ಹತ್ತಲು ಒದ್ದಾಡುತ್ತದೆ.

‘ಒರಿಜಿನಲ್’ ಅಂದರೆ ಒಂದಲ್ಲ

ಅಂಗಡಿಯಲ್ಲಿ ಸಿಗುವ ಮಾಲನ್ನು ನಾಲ್ಕು ಬಗೆ ಮಾಡಬಹುದು.

ಮೊದಲನೆಯದು ಕಾರ್ ಕಂಪನಿಯ ಡಬ್ಬಿಯಲ್ಲಿ, ಅದರ ಪಾರ್ಟ್ ನಂಬರಿನೊಂದಿಗೆ ಬರುವುದು. ‘ಜೆನ್ಯುಯಿನ್’ ಎನ್ನುವುದು ಇದನ್ನೇ.

ಎರಡನೆಯದು ಕಾರ್ ಕಂಪನಿಗೆ ಪಾರ್ಟ್ ಪೂರೈಸುವ ತಯಾರಕರೇ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು. ಕಾರ್ ಕಂಪನಿಗಳು ಪ್ಲಗ್ಗನ್ನಾಗಲಿ ಕಾಯಿಲನ್ನಾಗಲಿ ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬಾಷ್, ಎನ್‌ಜಿಕೆ, ಡೆನ್ಸೋ, ಚೆನ್ನೈನ ಲುಕಾಸ್-ಟಿವಿಎಸ್ ಇಂಥವರಿಂದ ತರಿಸಿಕೊಳ್ಳುತ್ತವೆ. ಅದೇ ಮಾಲು ಡಬ್ಬಿ ಬದಲಾಗಿ ಬಂದಾಗ ಬೆಲೆ ಕಡಿಮೆ ಇರುತ್ತದೆ.

ನಮ್ಮ ರಾಜ್ಯಕ್ಕೂ ಇದರ ನಂಟಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿನ ‘ಮೈಕೋ’, ದೇಶದ ಗಾಡಿಗಳಿಗೆ ಪ್ಲಗ್ ಕೊಟ್ಟ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳಬರು ಈಗಲೂ ಅಂಗಡಿಗೆ ಬಂದು ‘ಮೈಕೋ ಪ್ಲಗ್ ಕೊಡಿ’ ಅನ್ನುವುದುಂಟು.

ಮೂರನೆಯದು ಕಾರ್ ಕಂಪನಿಗೆ ಪೂರೈಸದಿದ್ದರೂ ಸ್ವಂತ ಹೆಸರು, ವಿಳಾಸ, ಬ್ಯಾಚ್ ನಂಬರ್ ಹಾಕಿ ಮಾರುವ ತಯಾರಕರದ್ದು. ನಿಜವಾದ ‘ಆಫ್ಟರ್ ಮಾರ್ಕೆಟ್’ ಇದೇ. ಇದರಲ್ಲಿ ಒಳ್ಳೆಯದೂ ಇದೆ, ಸಾಧಾರಣವೂ ಇದೆ.

ನಾಲ್ಕನೆಯದು ಹೆಸರಿಲ್ಲದ್ದು, ಅಥವಾ ಬೇರೆಯವರ ಹೆಸರು ಕದ್ದದ್ದು. ಡೂಪ್ಲಿಕೇಟ್.

ಜನ ಎರಡು, ಮೂರು, ನಾಲ್ಕನ್ನು ಒಟ್ಟಿಗೆ ಸೇರಿಸಿ ‘ಲೋಕಲ್’ ಅಂದುಬಿಡುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಎರಡನೇ ಬಗೆ ಕೊಂಡರೆ ದುಡ್ಡೂ ಉಳಿಯುತ್ತದೆ, ಗುಣಮಟ್ಟವೂ ಅದೇ. ಗಾಡಿ ಕೆಡಿಸುವುದು ನಾಲ್ಕನೇ ಬಗೆ.

ಪ್ಲಗ್: ಹೆಸರಾಂತ ಬ್ರ್ಯಾಂಡ್ ಸಾಕು, ನಂಬರ್ ಮುಖ್ಯ

ಪ್ಲಗ್ ವಿಷಯದಲ್ಲಿ ಕಾರ್ ಕಂಪನಿ ಡಬ್ಬಿಗೆ ಹೆಚ್ಚು ಕೊಡುವ ಅಗತ್ಯ ಇಲ್ಲ. ಗಮನ ಇರಬೇಕಾದ್ದು ಅದರ ಮೇಲಿನ ನಂಬರಿನಲ್ಲಿ.

ಪ್ಲಗ್ಗಿಗೆ ‘ಹೀಟ್ ರೇಂಜ್’ ಅಂತ ಇದೆ. ಬಿಸಿ ಪ್ಲಗ್ ತನ್ನ ಶಾಖವನ್ನು ನಿಧಾನ ಬಿಡುತ್ತದೆ, ತಣ್ಣನೆ ಪ್ಲಗ್ ಬೇಗ ಬಿಡುತ್ತದೆ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣನೆಯದು. ಬಾಷ್‌ನಲ್ಲಿ ಉಲ್ಟಾ, ಅಂಕಿ ಹೆಚ್ಚಾದಷ್ಟೂ ಬಿಸಿ. ಎನ್‌ಜಿಕೆ ಬಿಪಿ6ಇಎಸ್ ಪ್ಲಗ್ಗಿಗೆ ಬಾಷ್‌ನಲ್ಲಿ ಹೊಂದುವುದು ಡಬ್ಲ್ಯು7ಡಿಸಿ. ‘ಹಳೇದರಲ್ಲಿ 7 ಇತ್ತು, ಹೊಸದರಲ್ಲೂ 7 ಕೊಡಿ’ ಅಂತ ಬ್ರ್ಯಾಂಡ್ ಬದಲಿಸಿದರೆ ಬೇರೆಯೇ ಪ್ಲಗ್ ಕೈಗೆ ಬರುತ್ತದೆ. ಊರೊಳಗೇ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗೆ ಬೇಕಾದ್ದಕ್ಕಿಂತ ತಣ್ಣನೆ ಪ್ಲಗ್ ಬಿದ್ದರೆ ಮಸಿ ಕಟ್ಟಿ ಬೇಗ ಸಾಯುತ್ತದೆ. ತೀರಾ ಬಿಸಿ ಪ್ಲಗ್ ಬಿದ್ದರೆ ಲೋಡ್ ಹಾಕಿ ಘಾಟಿ ಹತ್ತುವಾಗ ಎಂಜಿನ್ ನಾಕ್ ಹೊಡೆಯುತ್ತದೆ, ಪಿಸ್ಟನ್ನಿಗೇ ಅಪಾಯ. ಆದ್ದರಿಂದ ಬ್ರ್ಯಾಂಡ್ ಬದಲಿಸುವಾಗ ಅಂಗಡಿಯವರು ತಯಾರಕರ ಪಟ್ಟಿಯನ್ನೇ ನೋಡಿ ಕೊಡಬೇಕು, ಅಂದಾಜಿನಲ್ಲಿ ಅಲ್ಲ.

ಚೂಡಿಯ ಉದ್ದವೂ ಅಷ್ಟೇ ಮುಖ್ಯ. 19 ಮಿ.ಮೀ. ಬೇಕಾದ ಕಡೆ ಗಿಡ್ಡ ಪ್ಲಗ್ ಹಾಕಿದರೆ ಖಾಲಿ ಉಳಿದ ಚೂಡಿಯಲ್ಲಿ ಕಾರ್ಬನ್ ತುಂಬುತ್ತದೆ. ಗಿಡ್ಡ ಬೇಕಾದ ಕಡೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೇ ಬಡಿಯಬಹುದು. ಎನ್‌ಜಿಕೆ ನಂಬರಿನಲ್ಲಿ ‘ಆರ್’ ಅಕ್ಷರ ಇದ್ದರೆ ಒಳಗೆ ರೆಸಿಸ್ಟರ್ ಇದೆ ಎಂದರ್ಥ. ಎಂಪಿಎಫ್‌ಐ ಕಾರುಗಳಿಗೆ ರೆಸಿಸ್ಟರ್ ಇರುವ ಪ್ಲಗ್ಗೇ ಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲ ಕಾರಿನ ಕಂಪ್ಯೂಟರನ್ನು ಗಲಿಬಿಲಿ ಮಾಡಬಹುದು.

ಹಾಕುವ ಮುಂಚೆ ಗ್ಯಾಪ್ ನೋಡಬೇಕು. ಕಾರ್ಬ್ಯುರೇಟರ್ ಕಾಲದ ಹೆಚ್ಚಿನ ಕಾರುಗಳಿಗೆ 0.6ರಿಂದ 0.8 ಮಿ.ಮೀ. ಸರಿ. ಎಂಪಿಎಫ್‌ಐಗೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು. ಅಲ್ಯೂಮಿನಿಯಂ ಹೆಡ್ ಆದ್ದರಿಂದ ಪ್ಲಗ್ಗನ್ನು ಮೊದಲು ಕೈಯಲ್ಲೇ ಕೊನೆತನಕ ತಿರುಗಿಸಬೇಕು. ಆಮೇಲೆ ಪಾನಾ ಹಾಕಿ ಹೊಸ ವಾಷರ್ ಇರುವ ಪ್ಲಗ್ಗಾದರೆ ಅರ್ಧ ಸುತ್ತು, ಸ್ವಲ್ಪ ಹೆಚ್ಚು. ಮೊದಲೇ ಪಾನಾ ಹಾಕಿ ಚೂಡಿ ತಿಂದರೆ ನೂರು ರೂಪಾಯಿ ಆಚೀಚೆಯ ಪ್ಲಗ್ಗಿನ ಕೆಲಸ ಹೆಡ್ ಬಿಚ್ಚುವ ಕೆಲಸವಾಗುತ್ತದೆ.

ದುಬಾರಿ ಇರಿಡಿಯಂ ಪ್ಲಗ್ ಹಾಕಿದರೆ ಪಿಕಪ್ ಬರುತ್ತದಾ? ಸರಿಯಿರುವ ಮಾಮೂಲಿ ಪ್ಲಗ್ಗಿಗಿಂತ ಹೆಚ್ಚೇನೂ ಬರುವುದಿಲ್ಲ. ಇರಿಡಿಯಂನ ಲಾಭ ಬಾಳಿಕೆ. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ ಅದಕ್ಕೂ ಮಸಿ ಕಟ್ಟುತ್ತದೆ, ಆಗ ಆ ಬಾಳಿಕೆಯೂ ಇಲ್ಲ.

ಕ್ಯಾಪ್, ರೋಟರ್: ಇಲ್ಲಿ ಕಂಜೂಸು ಬೇಡ

ಪ್ಲಗ್ ಒಂದು ಹೋದರೆ ಗಾಡಿ ಕುಂಟುತ್ತದೆ. ರೋಟರ್ ಹೋದರೆ ನಿಲ್ಲುತ್ತದೆ, ಯಾಕೆಂದರೆ ಎಲ್ಲಾ ಸಿಲಿಂಡರಿನ ಕಿಡಿಯೂ ಅದರ ಮೂಲಕವೇ ಹೋಗಬೇಕು. ನೋಡಲು ಸಣ್ಣ ಪ್ಲಾಸ್ಟಿಕ್ ತುಂಡು. ಆದರೆ ಆ ಪ್ಲಾಸ್ಟಿಕ್ ಸಾವಿರಾರು ವೋಲ್ಟನ್ನು ತಡೆಯಬೇಕು. ಕಳಪೆ ರೋಟರಿನಲ್ಲಿ ಕಿಡಿ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಕೆಳಗಿನ ಶಾಫ್ಟಿಗೆ ಇಳಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ರೋಟರ್ ಹೊಸದರಂತೆಯೇ ಇರುತ್ತದೆ. ಮೆಕ್ಯಾನಿಕ್ ಕಾಯಿಲ್, ಪ್ಲಗ್, ಪಂಪ್ ಎಲ್ಲಾ ಹುಡುಕಿ ಸುಸ್ತಾಗುವುದು ಇಂಥ ಕೇಸಿನಲ್ಲೇ.

ಕ್ಯಾಪ್‌ನ ಒಳಗಿನ ಲೋಹದ ತುದಿಗಳು, ನಡುವಿನ ಕಾರ್ಬನ್ ಕಡ್ಡಿ ಅಳತೆಗೆ ಸರಿಯಾಗಿರಬೇಕು. ಕಡ್ಡಿ ಸ್ಪ್ರಿಂಗಿನ ಮೇಲೆ ಸಲೀಸಾಗಿ ಒಳಗೆ ಹೋಗಿ ಬರಬೇಕು. ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಕಂಡರೆ ಕಿಡಿ ಅಲ್ಲಿ ಸೋರುತ್ತಿದೆ ಎಂದೇ ಅರ್ಥ. ಅಂಥ ಕ್ಯಾಪ್ ಒರೆಸಿ ಬಳಸುವಂಥದ್ದಲ್ಲ. ಇವೆರಡಕ್ಕೂ ಮೊದಲ ಅಥವಾ ಎರಡನೇ ಬಗೆಯ ಮಾಲೇ ಸರಿ.

ಪ್ಲಗ್ ವೈರ್: ಮಲ್ಟಿಮೀಟರ್ ಹೇಳುತ್ತದೆ

ಕಾರ್ಬನ್ ಎಳೆಯ ವೈರ್ ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಇಂಥ ವೈರ್ ಕೆಲವು ಸಾವಿರ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಹೆಚ್ಚು ಕಡಿಮೆ ಅದೇ ಉದ್ದದ ಉಳಿದ ವೈರುಗಳಿಗಿಂತ ಒಂದು ತೀರಾ ಹೆಚ್ಚು ತೋರಿಸಿದರೆ ಅದೂ ಹೋಗಿದೆ. ಹೆಸರಾಂತ ಕಂಪನಿಯ ಸೆಟ್ ಹಾಕಿದರೆ ಸಾಕು. ಆದರೆ ಎಂಪಿಎಫ್‌ಐ ಗಾಡಿಗೆ ‘ಗಟ್ಟಿಮುಟ್ಟು’ ಅಂತ ರೆಸಿಸ್ಟೆನ್ಸ್ ಇಲ್ಲದ ಬರೀ ತಾಮ್ರದ ವೈರ್ ಹಾಕಬಾರದು. ತುದಿಯ ರಬ್ಬರ್ ಬೂಟ್ ಬಿಗಿಯಾಗಿ ಕೂರಬೇಕು, ಮಳೆನೀರು ತಡೆಯುವುದು ಅದೇ.

ಎಲ್‌ಪಿಜಿ ಹಾಕಿಸಿದ ಓಮ್ನಿಗಳ ಮಾಲೀಕರು ಇಲ್ಲಿ ಇನ್ನೂ ಜಾಗ್ರತೆ ವಹಿಸಬೇಕು. ಗ್ಯಾಸ್ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲಿನಲ್ಲಿ ಸುಮ್ಮನಿದ್ದ ಹಳೇ ವೈರ್, ಕ್ಯಾಪ್ ಗ್ಯಾಸಿನಲ್ಲಿ ಮಿಸ್ ಹೊಡೆಯಲು ಶುರು ಮಾಡುವುದು ಇದೇ ಕಾರಣಕ್ಕೆ. ‘ಗ್ಯಾಸ್ ಕಿಟ್ ಸರಿ ಇಲ್ಲ’ ಅಂತ ಕಿಟ್ಟಿಗೆ ದುಡ್ಡು ಸುರಿಯುವ ಮುಂಚೆ ಇವನ್ನು ನೋಡಬೇಕು.

ಪಾಯಿಂಟ್, ಕಂಡೆನ್ಸರ್: ‘ಹಳೇ ಒರಿಜಿನಲ್’ ಮೋಹ ಬೇಡ

ಪಾಯಿಂಟ್ ಇರುವ ಗಾಡಿಗಳಲ್ಲಿ ಫೈಬರ್ ಹಿಮ್ಮಡಿಯೊಂದು ಕ್ಯಾಮಿನ ಮೇಲೆ ಉಜ್ಜುತ್ತಾ ಪಾಯಿಂಟನ್ನು ತೆರೆಯುತ್ತದೆ. ಕಳಪೆ ಮಾಲಿನಲ್ಲಿ ಈ ಫೈಬರ್ ಬೇಗ ಸವೆದು ಗ್ಯಾಪ್ ಮುಚ್ಚುತ್ತಾ ಬರುತ್ತದೆ. ಗ್ಯಾಪ್ ಕಡಿಮೆಯಾದಂತೆ ಕಿಡಿ ತಡವಾಗುತ್ತದೆ. ಪಿಕಪ್ ಇಳಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸಾಮಾನ್ಯವಾಗಿ ಗ್ಯಾಪ್ 0.4 ಮಿ.ಮೀ. ಆಸುಪಾಸು ಇರಬೇಕು. ಕ್ಯಾಮಿಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಹಚ್ಚಿದರೆ ಫೈಬರ್ ಹೆಚ್ಚು ಬಾಳುತ್ತದೆ. ಹೆಚ್ಚು ಹಚ್ಚಿದರೆ ಅದು ಪಾಯಿಂಟಿಗೇ ಹಾರಿ ಕೂರುತ್ತದೆ.

ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಹೆಚ್ಚಾಗಿ ತಪ್ಪು ಪಾಯಿಂಟಿನದ್ದಲ್ಲ, ಕಂಡೆನ್ಸರಿನದ್ದು. ಇಲ್ಲೊಂದು ಕಿವಿಮಾತು. ಹಳೇ ಅಂಗಡಿಗಳ ಅಟ್ಟದಲ್ಲಿ ಮೂವತ್ತು ವರ್ಷದಿಂದ ಕೂತ ‘ಅಸಲಿ ಒರಿಜಿನಲ್’ ಡಬ್ಬಿಗಳು ಸಿಗುತ್ತವೆ. ಕ್ಯಾಪ್, ಪ್ಲಗ್ಗಿಗೆ ಇದರಿಂದ ತೊಂದರೆ ಕಡಿಮೆ. ಆದರೆ ಕಂಡೆನ್ಸರ್ ಇಟ್ಟಲ್ಲೇ ಹಳತಾಗುತ್ತದೆ, ಒಳಗೆ ತೇವ ಸೇರುತ್ತದೆ. ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಈ ಎರಡರಲ್ಲಿ ಹಳೇ ಒರಿಜಿನಲ್‌ಗಿಂತ ಹೆಸರಿರುವ ತಯಾರಕರ ಹೊಸ ಮಾಲೇ ಮೇಲು.

ಕಾಯಿಲ್: ಓಮ್ ಹೊಂದಬೇಕು

12 ವೋಲ್ಟ್ ಅಂತ ಬರೆದ ಕಾಯಿಲ್ ಎಲ್ಲಾ ಒಂದೇ ಅಲ್ಲ. ಪಾಯಿಂಟ್ ಗಾಡಿಗಳ ಕಾಯಿಲಿನಲ್ಲಿ ಎರಡು ಜಾತಿ. ನೇರವಾಗಿ 12 ವೋಲ್ಟಿಗೆ ಜೋಡಿಸುವ, ಸುಮಾರು 3 ಓಮ್ ಇರುವ ಕಾಯಿಲ್ ಒಂದು. ಹೊರಗೊಂದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸುವ, ಸುಮಾರು 1.5 ಓಮ್‌ನದ್ದು ಇನ್ನೊಂದು. ಬ್ಯಾಲಸ್ಟ್ ಇಲ್ಲದ ಗಾಡಿಗೆ 1.5 ಓಮ್ ಕಾಯಿಲ್ ಹಾಕಿದರೆ 4 ಆಂಪಿಯರ್ ಹರಿಯಬೇಕಾದಲ್ಲಿ 8 ಆಂಪಿಯರ್ ಹರಿಯುತ್ತದೆ. ಪಾಯಿಂಟ್ ಸುಡುತ್ತದೆ, ಕಾಯಿಲ್ ಕೈಯಿಡಲಾಗದಷ್ಟು ಕಾಯುತ್ತದೆ. ಉಲ್ಟಾ ಆದರೆ ಕಿಡಿ ಸೊರಗುತ್ತದೆ. ‘ಒರಿಜಿನಲ್ ಕಾಯಿಲ್ಲೇ ಹಾಕಿದ್ದು, ಆದರೂ ಪಾಯಿಂಟ್ ಸುಡ್ತಿದೆ’ ಎನ್ನುವ ದೂರಿಗೆ ಇದೂ ಒಂದು ಕಾರಣ. ಬ್ರ್ಯಾಂಡ್ ಒರಿಜಿನಲ್ ಆಗಿರಬಹುದು, ಗಾಡಿಗೆ ಹೊಂದುವಂಥದ್ದಲ್ಲ.

ಎಲೆಕ್ಟ್ರಾನಿಕ್ ಕಿಟ್: ಹೊರಗಿನದೇ ಮೇಲಾಗುವ ಜಾಗ

ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಿಗೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದುಂಟು. ಇದು ಅಪ್ಪಟ ಆಫ್ಟರ್ ಮಾರ್ಕೆಟ್. ಆದರೂ ಒಳ್ಳೆಯ ಕಿಟ್ ಆದರೆ ಮೂಲ ಪಾಯಿಂಟಿಗಿಂತ ಲೇಸು. ಸವೆಯುವುದಿಲ್ಲ, ಟೈಮಿಂಗ್ ಜಾರುವುದಿಲ್ಲ. ಒಂದೇ ತೊಂದರೆ: ಪಾಯಿಂಟ್ ಹೋದರೆ ರಸ್ತೆ ಬದಿಯಲ್ಲಿ ಉಜ್ಜಿ ಮನೆ ಸೇರಬಹುದು, ಕಿಟ್ ಹೋದರೆ ಏನೂ ಮಾಡಲಾಗದು. ಪ್ಲಸ್ ಮೈನಸ್ ಅದಲು ಬದಲಾದರೆ, ಎಂಜಿನ್ ನಿಂತಿರುವಾಗ ಕೀ ಆನ್ ಬಿಟ್ಟು ಮರೆತರೆ ಕೆಲವು ಕಿಟ್ ಸುಟ್ಟೇ ಹೋಗುತ್ತವೆ. ಆದ್ದರಿಂದ ತೆಗೆದ ಹಳೇ ಪಾಯಿಂಟ್ ಪ್ಲೇಟು, ಕಂಡೆನ್ಸರನ್ನು ಗುಜರಿಗೆ ಹಾಕದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಕಂಪನಿಯೇ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೊಟ್ಟ ಗಾಡಿಗಳಿಗೆ ಮಾತ್ರ ಜೆನ್ಯುಯಿನ್ ಅಥವಾ ಮೂಲ ತಯಾರಕರದ್ದನ್ನೇ ಹಾಕಬೇಕು.

ಡೂಪ್ಲಿಕೇಟ್ ಗುರುತು

ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇರಬೇಕು. ಇದು ಪ್ಯಾಕ್ ಮಾಡಿದ ಸರಕಿನ ನಿಯಮವೇ ಹೇಳುವ ಮಾತು. ಅಕ್ಷರ ಮಾಸಿದ್ದರೆ, ಸ್ಪೆಲ್ಲಿಂಗ್ ತಪ್ಪಿದ್ದರೆ, ಡಬ್ಬಿಯ ನಂಬರೂ ಪ್ಲಗ್ ಮೇಲಿನ ನಂಬರೂ ಬೇರೆ ಇದ್ದರೆ ಅನುಮಾನ ಪಡಬೇಕು. ಪ್ಲಗ್ಗಿನ ನಡುವಿನ ಕಡ್ಡಿ ಸರಿ ಮಧ್ಯದಲ್ಲಿರಬೇಕು, ಮೇಲಿನ ಕೊಕ್ಕೆ ಅದರ ನೇರಕ್ಕಿರಬೇಕು. ಪಿಂಗಾಣಿಯ ಮೇಲಿನ ಮುದ್ರೆ ಉಗುರಿನಲ್ಲಿ ಕೆರೆದರೆ ಏಳಬಾರದು. ಎಲ್ಲಕ್ಕಿಂತ ದೊಡ್ಡ ಗುರುತು ಬೆಲೆ. ಎಂಆರ್‌ಪಿಯಲ್ಲಿ ನಾಲ್ಕಾಣೆ ಬಿಡುವುದು ವ್ಯಾಪಾರ, ಮುಕ್ಕಾಲು ಪಾಲು ಬಿಡುತ್ತಾರೆ ಅಂದರೆ ಅದು ಮಾಲೇ ಬೇರೆ.

ಹೊಗೆ ತಪಾಸಣೆಗೂ ಇದಕ್ಕೂ ಏನು ನಂಟು?

ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣವಾಗಬೇಕು. ನವೀಕರಿಸಿದರೆ 5 ವರ್ಷಕ್ಕೆ ಸಲ್ಲುತ್ತದೆ. ಅದಕ್ಕೆ ಮುಂಚೆ ಗಾಡಿಯ ತಪಾಸಣೆ ಇದೆ, ಹೊಗೆ ಸರ್ಟಿಫಿಕೇಟೂ ಬೇಕು. ಕಿಡಿ ತಪ್ಪಿದ ಸಿಲಿಂಡರಿನಿಂದ ಪೆಟ್ರೋಲ್ ಉರಿಯದೇ ಹೊರಗೆ ಬರುತ್ತದೆ. ಹೊಗೆ ಯಂತ್ರದಲ್ಲಿ ಹೈಡ್ರೋಕಾರ್ಬನ್ ಅಂಕಿ ಜಿಗಿಯುವುದು ಆಗಲೇ. ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಇದರ ಮಿತಿ 1,500 ಪಿಪಿಎಂ, ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಸ್ಟೇಜ್-2, ಸ್ಟೇಜ್-3 ಕಾರಿಗೆ 750. ಮಿಸ್ ಹೊಡೆಯುವ ಗಾಡಿಯನ್ನು ಹಾಗೇ ಓಡಿಸಿದರೆ ಆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಸುಡುತ್ತದೆ. ಆಗ ಖರ್ಚು ನೂರುಗಳಲ್ಲಿ ಮುಗಿಯುವುದಿಲ್ಲ.

ಅಂಗಡಿಯವರಿಗೂ ಒಂದು ಮಾತು

ಡೂಪ್ಲಿಕೇಟ್ ಮಾಲಿನಲ್ಲಿ ಲಾಭ ಹೆಚ್ಚು ಕಾಣುತ್ತದೆ ನಿಜ. ಆದರೆ ಸುಳ್ಳು ಟ್ರೇಡ್‌ಮಾರ್ಕ್ ಇರುವ ಸರಕು ಮಾರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಅಪರಾಧ. 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ‘ಗೊತ್ತಿರಲಿಲ್ಲ, ಲೈನ್ ಸೇಲ್ಸ್‌ನವರು ಕೊಟ್ಟು ಹೋದರು’ ಎಂದು ಹೇಳಿದರೆ ಸಾಲದು, ಯಾರಿಂದ ತಂದದ್ದು ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಖರೀದಿ ಬಿಲ್ ಇಲ್ಲದ ಮಾಲು ಶೆಲ್ಫಿಗೆ ಏರಿಸದಿರುವುದೇ ಕ್ಷೇಮ. ಗಿರಾಕಿಗೆ ‘ಲೋಕಲ್’ ಕೊಡುವಾಗಲೂ ಬಿಲ್ಲಿನಲ್ಲಿ ಬ್ರ್ಯಾಂಡ್ ಹೆಸರು, ಪಾರ್ಟ್ ನಂಬರ್ ಬರೆದರೆ ಆಮೇಲೆ ಜಗಳವಿಲ್ಲ. ಬಿಲ್ ಇದ್ದರೆ ಗಿರಾಕಿಗೂ ಬಲ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಕೊನೆಗೆ, ಜೇಬಿಗೆ ತಕ್ಕ ಪಟ್ಟಿ

* ಪ್ಲಗ್, ಪ್ಲಗ್ ವೈರ್: ಹೆಸರಾಂತ ಬ್ರ್ಯಾಂಡ್ ಸಾಕು. ನಂಬರ್ ಹೊಂದಬೇಕು.
* ಕ್ಯಾಪ್, ರೋಟರ್, ಎಲೆಕ್ಟ್ರಾನಿಕ್ ಮಾಡ್ಯೂಲ್: ಜೆನ್ಯುಯಿನ್ ಅಥವಾ ಮೂಲ ತಯಾರಕರದ್ದು. ಹೋದರೆ ಗಾಡಿ ಅಲ್ಲೇ ನಿಲ್ಲುವ ಪಾರ್ಟುಗಳಿವು.
* ಪಾಯಿಂಟ್, ಕಂಡೆನ್ಸರ್: ಹೆಸರಿರುವ ಹೊಸ ಮಾಲು, ಜೊತೆಗೆ ಡಿಕ್ಕಿಯಲ್ಲಿ ಒಂದು ಜೊತೆ ಹೆಚ್ಚುವರಿ.
* ಕಾಯಿಲ್: ಹಳೆಯದರ ಓಮ್ ನೋಡಿ ಹೊಂದುವಂಥದ್ದು.
* ಹೆಸರಿಲ್ಲದ ಡಬ್ಬಿ: ಎಷ್ಟೇ ಅಗ್ಗವಾದರೂ ಬೇಡ.

ಇದೆಲ್ಲಕ್ಕೂ ಮುಂಚೆ ಬ್ಯಾಟರಿ ಟರ್ಮಿನಲ್, ಎಂಜಿನ್ ಅರ್ತಿಂಗ್ ವೈರ್, ಪೆಟ್ರೋಲ್ ಫಿಲ್ಟರ್ ನೋಡಿಸಬೇಕು. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಪಾರ್ಟುಗಳನ್ನು ಒಂದೊಂದಾಗಿ ಬದಲಿಸಿ ಸ್ಟಾರ್ಟ್ ಮಾಡಿ ನೋಡಬೇಕು. ಎಲ್ಲಾ ಒಟ್ಟಿಗೆ ಬದಲಿಸಿದರೆ ಹಾಳಾಗಿದ್ದು ಯಾವುದು ಎಂದು ಗೊತ್ತೇ ಆಗುವುದಿಲ್ಲ, ಹೊಸದರಲ್ಲೇ ಒಂದು ಕೆಟ್ಟದ್ದು ಬಂದಿದ್ದರೂ ತಿಳಿಯುವುದಿಲ್ಲ. ಬಿಚ್ಚಿದ ಹಳೇ ಪಾರ್ಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರದೆ ಕೇಳಿ ಪಡೆಯಬೇಕು. ಮುಂದಿನ ಸಲ ಅಂಗಡಿಯಲ್ಲಿ ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸ್ಯಾಂಪಲ್ ಇಲ್ಲ.